ಸವೆದ ಪ್ಲೇಟಿಗೂ ಒಂದು ಸರದಿ

ಸಿಕಂದರಾಬಾದಿನ ಮಾರೇಡ್‌ಪಲ್ಲಿ, ಸೈನಿಕಪುರಿ ಕಡೆಯ ಮನೆಗಳಲ್ಲಿ ತಿಂಗಳಿಗೋ ಎರಡು ತಿಂಗಳಿಗೋ ಒಂದು ಭಾನುವಾರ ಎಂಟು ಹತ್ತು ಜನ ಸೇರುತ್ತಾರೆ. ಒಬ್ಬರ ಮನೆಯ ಸ್ಟೀರಿಯೋವನ್ನು ಉಳಿದವರು ಕೂತು ಕೇಳುವುದೇ ಕಾರ್ಯಕ್ರಮ. ಮುಂದಿನ ಸಲ ಇನ್ನೊಬ್ಬರ ಮನೆ. ಕೆಲವು ವರ್ಷಗಳಿಂದ ನಾನೂ ಹೋಗುತ್ತಿದ್ದೇನೆ. ಸಂಗೀತ ಕಚೇರಿಗೆ ವಿಮರ್ಶೆ ಬರೆಯುತ್ತೇವೆ, ಪುಸ್ತಕಕ್ಕೆ ಬರೆಯುತ್ತೇವೆ. ಈ ಕೂಟಗಳಿಗೂ ಒಂದು ವಿಮರ್ಶೆ ಬೇಕು ಅನ್ನಿಸಿದ್ದು ಇಲ್ಲಿ ಪ್ರತಿ ಸಲ ತೀರ್ಪುಗಳು ಹೊರಬೀಳುತ್ತವೆ ಎಂಬ ಕಾರಣಕ್ಕೆ. ತೀರ್ಪು ಯಂತ್ರದ ಮೇಲೆ ಎಂದೇ ಎಲ್ಲರ ಭಾವನೆ. ಆದರೆ ಅದು ಸದ್ದಿಲ್ಲದೆ ಹಾಡುಗಳ ಮೇಲೂ ಬೀಳುತ್ತಿರುತ್ತದೆ.

ಮೊದಲು ಒಳ್ಳೆಯದನ್ನು ಹೇಳಬೇಕು. ಫೋನು ಜೇಬಿಗೆ ಹಾಕಿ, ಮಾತಾಡದೆ, ನಲವತ್ತು ನಿಮಿಷ ಹಾಡನ್ನಷ್ಟೇ ಕೇಳುವ ದೊಡ್ಡವರ ಗುಂಪು ಈ ಊರಿನಲ್ಲಿ ಬೇರೆಲ್ಲೂ ನನಗೆ ಸಿಕ್ಕಿಲ್ಲ. ಚಾ, ಉಸ್ಮಾನಿಯಾ ಬಿಸ್ಕತ್ತು ಎಲ್ಲ ಆಮೇಲೆ. ಕಲಿಕೆಯೂ ಇದೆ. ಸ್ಪೀಕರನ್ನು ಗೋಡೆಯಿಂದ ಒಂದಡಿ ಮುಂದೆ ತಂದರೆ, ಬರಿಗೋಡೆಗೆ ದಪ್ಪ ಪರದೆ ಹಾಕಿದರೆ ಆಗುವ ಬದಲಾವಣೆ, ಸಾವಿರಾರು ರೂಪಾಯಿಯ ಕೇಬಲ್ಲಿನಿಂದ ಆಗುವುದಿಲ್ಲ ಎನ್ನುವುದು ಇಲ್ಲಿ ಕಿವಿಗೇ ಗೊತ್ತಾಗುತ್ತದೆ. ಎರಡು ಆಂಪ್ಲಿಫೈಯರ್‌ಗಳನ್ನು ಹೋಲಿಸುವಾಗ ಕೊಂಚ ಜೋರಾಗಿರುವುದೇ ಗೆಲ್ಲುತ್ತದೆ. ಸದ್ದು ಕಡಿಮೆಯಿದ್ದಾಗ ನಮ್ಮ ಕಿವಿಗೆ ತಗ್ಗಿನ ಸ್ವರಗಳು ಇನ್ನಷ್ಟು ಕ್ಷೀಣವಾಗಿ ಕೇಳುತ್ತವೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದರು. ಹಾಗಾಗಿ ಬಲ್ಲವರು ಮೊದಲು ಎರಡರ ಸದ್ದನ್ನೂ ಸಮ ಮಾಡಿಕೊಳ್ಳುತ್ತಾರೆ. ಇಷ್ಟು ಶಿಸ್ತು ನಮ್ಮ ಸಾಹಿತ್ಯ ವಿಮರ್ಶೆಯಲ್ಲಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅಂದುಕೊಂಡದ್ದುಂಟು.

ಆದರೆ ಈ ಶಿಸ್ತು ಹಾಡಿನ ಆಯ್ಕೆಯ ಹೊತ್ತಿಗೆ ಮಾಯವಾಗುತ್ತದೆ. ಯಾರ ಮನೆಗೆ ಹೋದರೂ ಅದೇ ಹತ್ತು ಹದಿನೈದು ಡೆಮೊ ಹಾಡುಗಳು: ಈಗಲ್ಸ್‌ನ 1994ರ ‘ಹೋಟೆಲ್ ಕ್ಯಾಲಿಫೋರ್ನಿಯಾ’, ಡೈರ್ ಸ್ಟ್ರೇಟ್ಸ್, ಡಯಾನಾ ಕ್ರಾಲ್. ಇವು ಕೆಟ್ಟ ಹಾಡುಗಳೇನಲ್ಲ. ಇವುಗಳನ್ನು ಆರಿಸುವುದು ಧ್ವನಿಮುದ್ರಣ ಚೆನ್ನಾಗಿದೆ ಎಂದು. ಹೀಗೆ ಸಿಸ್ಟಮ್ ಒಳ್ಳೆಯದು ಎಂದು ಈ ರೆಕಾರ್ಡು ಸಾಕ್ಷಿ ಹೇಳುತ್ತದೆ, ರೆಕಾರ್ಡು ಒಳ್ಳೆಯದು ಎಂದು ಸಿಸ್ಟಮ್ ಸಾಕ್ಷಿ ಹೇಳುತ್ತದೆ. ಅಚ್ಚುಕಟ್ಟಾದ ಮುದ್ರಣದ ಪುಸ್ತಕಗಳನ್ನು ಮಾತ್ರ ಓದುವೆ ಎಂದು ಹೊರಟ ವಿಮರ್ಶಕನ ಕಥೆ ಇದು.

ಈ ಜರಡಿಯಲ್ಲಿ ಏನೇನು ಬಿದ್ದುಹೋಗುತ್ತದೆ ನೋಡಿ. ಸ್ಟೀರಿಯೋ ಎಲ್‌ಪಿಗಳು ಮಾರುಕಟ್ಟೆಗೆ ಬಂದದ್ದು 1958ರ ಸುಮಾರಿಗೆ. ಅದಕ್ಕೂ ಹಿಂದಿನದೆಲ್ಲ ಮೋನೋ. ‘ಗಾಯಕಿ ಎಡಕ್ಕೆ ನಿಂತಿದ್ದಾಳೋ ನಡುವೆಯೋ’ ಎಂಬ ನಮ್ಮ ಕೂಟದ ಅಚ್ಚುಮೆಚ್ಚಿನ ಪ್ರಶ್ನೆಗೆ ಅಲ್ಲಿ ಉತ್ತರವೇ ಇಲ್ಲ. ಉತ್ತರವಿಲ್ಲದ ಕಾರಣಕ್ಕೆ ಆ ಸಂಗೀತಕ್ಕೆ ಸರದಿಯೂ ಇಲ್ಲ.

ಗಂಗೂಬಾಯಿ ಹಾನಗಲ್ ಅವರನ್ನೇ ತೆಗೆದುಕೊಳ್ಳಿ. 1930ರ ದಶಕದ ಅವರ 78 ಆರ್‌ಪಿಎಂ ಪ್ಲೇಟುಗಳಲ್ಲಿ ದನಿ ತೆಳು, ಎತ್ತರ. ಗಂಟಲಿನ ಚಿಕಿತ್ಸೆಯ ನಂತರ ಆ ದನಿ ಇಳಿದು, ನಾವೆಲ್ಲ ಬಲ್ಲ ಗಂಭೀರ ಕಂಠವಾಯಿತು. ಹಳೆಯ ಪ್ಲೇಟನ್ನೂ ನಂತರದ ಎಲ್‌ಪಿಯನ್ನೂ ಒಂದರ ಹಿಂದೊಂದು ಹಾಕಿದರೆ, ಒಬ್ಬ ಕಲಾವಿದೆ ಹೊಸ ಗಂಟಲಿಗೆ ತಕ್ಕಂತೆ ತನ್ನ ಗಾಯನವನ್ನೇ ಕಟ್ಟಿಕೊಂಡದ್ದು ಕೇಳಿಸುತ್ತದೆ. ಫೋನಿನ ಸ್ಪೀಕರಿನಲ್ಲಿ ಎರಡೂ ಒಂದೇ ಥರ ಕೀರಲು. ಒಳ್ಳೆಯ ಸಿಸ್ಟಮ್ ಬೇಕಾಗುವುದು ಇಂಥದ್ದಕ್ಕೆ. ಚರಚರ ಸದ್ದಿನ ಹಿಂದಿರುವ ಮನುಷ್ಯರ ಉಸಿರನ್ನು ಮುಂದೆ ತರಲಾಗದ ಯಂತ್ರಕ್ಕೆ, ಅದು ಎಷ್ಟು ಲಕ್ಷದ್ದೇ ಆಗಿರಲಿ, ನಾನು ಹೆಚ್ಚು ಅಂಕ ಕೊಡಲಾರೆ.

ಯಂತ್ರದ ಹುಚ್ಚೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಆ ಹುಚ್ಚಿಗೆ ನಮ್ಮಲ್ಲೇ ದೊಡ್ಡ ಪರಂಪರೆ ಇದೆ. ಮೈಸೂರಿನ ಜಯಚಾಮರಾಜ ಒಡೆಯರ್ ಅವರ ಸಂಗ್ರಹದಲ್ಲಿ ಸುಮಾರು 20,000 ರೆಕಾರ್ಡುಗಳಿದ್ದವೆಂದು ಅಂದಾಜು. ಲಂಡನ್ನಿನ ಹೆಸರಾಂತ ರೆಕಾರ್ಡಿಂಗ್ ನಿರ್ಮಾಪಕ ವಾಲ್ಟರ್ ಲೆಗ್ ಮೈಸೂರಿಗೆ ಬಂದಾಗ ಆ ರೆಕಾರ್ಡುಗಳ ಜೊತೆಗೆ ಬಗೆಬಗೆಯ ಲೌಡ್‌ಸ್ಪೀಕರುಗಳನ್ನೂ ದೊಡ್ಡ ಪಿಯಾನೋಗಳನ್ನೂ ಕಂಡು ಬೆರಗಾಗಿದ್ದ. ಒಬ್ಬರ ಮನೆಯ ಸಿಸ್ಟಮನ್ನು ಇನ್ನೊಬ್ಬ ಬಲ್ಲವ ಹೋಗಿ ನೋಡಿದ ಪ್ರಸಂಗವೇ ಇದೂ. ಆದರೆ ಒಡೆಯರ್ ಸ್ಪೀಕರಿಗೇ ನಿಲ್ಲಲಿಲ್ಲ. ಲಂಡನ್ನಿನಲ್ಲಿ ಮೂಲೆಗುಂಪಾಗಿದ್ದ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ಮುದ್ರಿಸಲು ಹಣ ಕೊಟ್ಟರು. ಆತ ತನ್ನ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಅವರಿಗೇ ಅರ್ಪಿಸಿದ. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳನ್ನು ಕರ್ಸ್ಟೆನ್ ಫ್ಲಾಗ್‌ಸ್ಟಾಡ್ ಮೊದಲ ಸಲ ಲಂಡನ್ನಿನಲ್ಲಿ ಹಾಡಿದ್ದೂ ಒಡೆಯರ್ ನೀಡಿದ ಆರ್ಥಿಕ ಭರವಸೆಯಿಂದ. ಅವರು ಹೋಗಲಾಗಲಿಲ್ಲ, ಮುದ್ರಿಸಿದ ಪ್ಲೇಟುಗಳನ್ನು ಮೈಸೂರಿಗೆ ಕಳಿಸುವ ಏರ್ಪಾಡಾಗಿತ್ತು. ಆ ಪ್ಲೇಟುಗಳು ಮುಂದೆ ಬಹಳ ಸವೆದುಹೋದವು. ಅವುಗಳಿಂದ ಮಾಡಿದ ಪ್ರತಿಗಳಲ್ಲಿ ಸದ್ದು ಗಲೀಜು. ನಮ್ಮ ಕೂಟದಲ್ಲಿ ಅದನ್ನು ಹಾಕಿದರೆ ಅರ್ಧ ನಿಮಿಷಕ್ಕೆ ‘ನೆಕ್ಸ್ಟ್’ ಎನ್ನುತ್ತಾರೆ. ಆದರೂ ಜಗತ್ತು ಆ ಸಂಜೆಯನ್ನು ಕೇಳಬಹುದಾದದ್ದು ಆ ಗಲೀಜು ಸದ್ದಿನಿಂದಲೇ.

ಈಗ ನಮ್ಮ ಮಾತಿಗೆ ಬರುತ್ತೇನೆ. ಊರು ಬಿಟ್ಟು ಬಂದ ನನ್ನ ವಯಸ್ಸಿನವರಿಗೆ ಕನ್ನಡದ ಹಾಡು ಬಂದದ್ದು ಕ್ಯಾಸೆಟ್ಟಿನಲ್ಲಿ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸಂಗೀತ ಕೊಟ್ಟ ‘ನಿತ್ಯೋತ್ಸವ’, 1978ರಲ್ಲಿ ಬಂದ ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ. ಅಂಥದ್ದೊಂದನ್ನು ಕೂಟದಲ್ಲಿ ಹಾಕಿದಾಗ ಒಂದು ನಿಮಿಷದೊಳಗೆ ‘ರೆಕಾರ್ಡಿಂಗ್ ವೀಕ್’ ಎಂಬ ಮಾತು ಬಂತು. ತೆಲುಗು ಗೆಳೆಯರು ಘಂಟಸಾಲರ ಹಳೆಯ ಪ್ಲೇಟು ತಂದಾಗಲೂ ಇದೇ ಮಾತು. ಹೇಳಿದವರ ಅಳತೆಗೋಲಿನಲ್ಲಿ ಅದು ಸರಿಯೇ. ತೊಂದರೆ ಇರುವುದು ಅಳತೆಗೋಲಿನಲ್ಲಿ. ‘ವೀಕ್’ ಎಂದು ನಾಲ್ಕು ಸಲ ಕೇಳಿಸಿಕೊಂಡವನು ಐದನೆಯ ಸಲ ಆ ಕ್ಯಾಸೆಟ್ಟನ್ನು ತರುವುದಿಲ್ಲ. ತಾರದ ಕ್ಯಾಸೆಟ್ಟು ಅಟ್ಟದ ಮೇಲೆ ಬೂಷ್ಟು ಹಿಡಿಯುತ್ತದೆ. ಕೊನೆಗೆ ಉಳಿಯುವುದು ಯಾರೋ ಅವಸರದಲ್ಲಿ ಮಾಡಿದ, ಹಿಂಡಿ ಹಿಪ್ಪೆಯಾದ ಎಂಪಿ3.

ಇದನ್ನು ತಪ್ಪಿಸಬಲ್ಲವರು ಇದೇ ಜನ. 78ರ ಪ್ಲೇಟಿನ ಗೀರು ಅಗಲ. ಅದಕ್ಕೆ ಎಲ್‌ಪಿಯ ಮುಳ್ಳು ಸಲ್ಲದು, ಸುಮಾರು ಮೂರು ಪಟ್ಟು ದಪ್ಪನೆಯದು ಬೇಕು ಎಂದು ಇವರಿಗೆ ಗೊತ್ತು. ಕ್ಯಾಸೆಟ್ ಡೆಕ್ಕಿನ ಹೆಡ್ಡು ಕೂದಲೆಳೆಯಷ್ಟು ವಾರೆಯಾಗಿದ್ದರೂ ಮೇಲಿನ ಸ್ವರಗಳು ಮಂಕಾಗುತ್ತವೆ, ಆ ಸ್ಕ್ರೂ ತಿರುಗಿಸಿದರೆ ಅರ್ಧ ಹಾಡು ಮರಳಿ ಬರುತ್ತದೆ ಎಂದೂ ಗೊತ್ತು. ‘ವೀಕ್’ ಎಂದು ನಾವು ತಳ್ಳಿಹಾಕಿದ ಎಷ್ಟೋ ಹಾಡಿನಲ್ಲಿ ಹಾಳಾಗಿದ್ದುದು ಅಷ್ಟೇ ಇರಬಹುದು. ಕೈಯಲ್ಲಿ ಸಲಕರಣೆ ಇದೆ, ತಾಳ್ಮೆ ಇದೆ, ಭಾನುವಾರವೂ ಇದೆ.

ಹಾಗಾಗಿ ನನ್ನ ಸಲಹೆ ಚಿಕ್ಕದು. ಪ್ರತಿ ಕೂಟದಲ್ಲಿ ಡೆಮೊ ಹಾಡುಗಳ ನಂತರ ಒಂದು ಸುತ್ತು ಸವೆದದ್ದಕ್ಕೆ ಮೀಸಲಿರಲಿ. ಪ್ರತಿಯೊಬ್ಬರೂ ತಮ್ಮ ಮನೆಯಿಂದ, ತಮ್ಮ ಭಾಷೆಯಿಂದ, ತರಲು ಸಂಕೋಚಪಡುವ ಒಂದನ್ನು ತರಲಿ. ಅದನ್ನು ಕೊನೆಯವರೆಗೆ ಕೇಳೋಣ. ಸಾಧ್ಯವಾದರೆ ಅಲ್ಲೇ ಶುಚಿ ಮಾಡಿ, ಹೆಡ್ಡು ಸರಿಮಾಡಿ, ಕುಗ್ಗಿಸದ ಒಂದು ಪ್ರತಿ ಮಾಡಿಕೊಡೋಣ. ಸ್ಪೀಕರಿನ ಬಗ್ಗೆ ಮಾತು ಆಮೇಲೆ, ಬಿಸ್ಕತ್ತಿನ ಜೊತೆ.