ಪದದ ಉದ್ದ, ಓದುಗನ ಅರಿವು: ಮಾಹಿತಿ ಶೋಧದಲ್ಲಿ ವಾಚನೀಯತೆಯ ಅಳತೆಗಳು

ಮಾಹಿತಿ ಶೋಧದ ಸಂಶೋಧನೆ ಬಹುಕಾಲ ಮುಖ್ಯವಾಗಿ ಒಂದೇ ಪ್ರಶ್ನೆಯನ್ನು ಕೇಳಿತು: ದೊರೆತ ಪಠ್ಯ ಶೋಧಿಸಿದ ವಿಷಯಕ್ಕೆ ಸಂಬಂಧಿಸಿದೆಯೇ? ಅದು ಓದುಗನಿಗೆ ಅರ್ಥವಾಗುತ್ತದೆಯೇ ಎಂಬ ಪ್ರಶ್ನೆ ತಡವಾಗಿ ಬಂದಿತು. ಅದಕ್ಕೆ ಉತ್ತರವಾಗಿ ಇಂಗ್ಲಿಷಿಗೆಂದು ರೂಪುಗೊಂಡ ವಾಚನೀಯತೆಯ ಸೂತ್ರಗಳು ಬಳಕೆಯಾದವು. ಅವನ್ನು ಕನ್ನಡಕ್ಕೆ ಹಾಗೆಯೇ ಅನ್ವಯಿಸುವುದು ಸಾಧುವಲ್ಲವೆಂಬುದು ಈ ಟಿಪ್ಪಣಿಯ ವಾದ.

ರುಡಾಲ್ಫ್ ಫ್ಲೆಶ್ 1948ರಲ್ಲಿ ಪ್ರಕಟಿಸಿದ ಸೂತ್ರವು ಎರಡನ್ನು ಮಾತ್ರ ಗಣಿಸುತ್ತದೆ: ವಾಕ್ಯವೊಂದರ ಸರಾಸರಿ ಪದಗಳು, ಪದವೊಂದರ ಸರಾಸರಿ ಅಕ್ಷರಗಳು. ಅಂಕ 100ರತ್ತ ಸರಿದಷ್ಟೂ ಪಠ್ಯ ಸುಲಭ. ‘ಮಕ್ಕಳು ಶಾಲೆಗೆ ಹೋಗುತ್ತಾರೆ’ ಎಂಬಲ್ಲಿ ಪದಗಳು 3, ಅಕ್ಷರಗಳು 10. ಸೂತ್ರದಂತೆ ಇದರ ಅಂಕ ಸೊನ್ನೆಗಿಂತ 78 ಕೆಳಗೆ! ‘ಚಿಲ್ಡ್ರನ್ ಗೋ ಟು ಸ್ಕೂಲ್’ ಎಂಬುದಕ್ಕೆ 97. ಇಂಗ್ಲಿಷಿನ ಬಿಡಿಪದ ‘ಟು’ ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ; ಕಾಲ, ಪುರುಷ, ವಚನಗಳೂ ಕ್ರಿಯಾಪದದಲ್ಲೇ ಅಡಗಿವೆ.

ಗುಣಾಂಕಗಳನ್ನು ಮರುಹೊಂದಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ‘ಹೋಗಬೇಕಾಗಿದ್ದರೂ’ ಏಳು ಅಕ್ಷರಗಳ ಪದ. ಕನ್ನಡ ಬಲ್ಲವರಿಗೆ ಅದರಲ್ಲಿ ತೊಡಕಿಲ್ಲ. ಎರಡಕ್ಷರದ ‘ಪೋಡಿ’ ಜಮೀನಿನ ದಾಖಲೆಗಳನ್ನು ಕಂಡರಿಯದ ವಿದ್ಯಾವಂತನನ್ನು ತಡೆದು ನಿಲ್ಲಿಸುತ್ತದೆ. ರೈತನಿಗೆ ಅದು ಬಳಕೆಯ ಮಾತು. ಹೀಗಾಗಿ ದೋಷವಿರುವುದು ಮಾಪನದ ಪ್ರಮಾಣದಲ್ಲಲ್ಲ, ಅಳೆಯುವ ವಸ್ತುವಿನಲ್ಲಿ.

ಕಾಲಿನ್ಸ್-ಥಾಂಪ್ಸನ್ ಮತ್ತು ಕ್ಯಾಲನ್ 2004ರಲ್ಲಿ, ಯಾವ ತರಗತಿಯ ಪಠ್ಯದಲ್ಲಿ ಯಾವ ಪದ ಎಷ್ಟು ಸಂಭವನೀಯ ಎಂಬುದರಿಂದ ಕಾಠಿಣ್ಯವನ್ನು ಅಂದಾಜಿಸಿದರು. ಇದು ನಿಜವಾದ ಮುನ್ನಡೆ. ಆದರೆ ‘ಕೆರೆಗೆ’, ‘ಕೆರೆಯಿಂದ’, ‘ಕೆರೆಗಳಲ್ಲಿಯೂ’ ಬೇರೆಬೇರೆ ಪದಗಳೆಂದು ಎಣಿಕೆಯಾದರೆ ಪರಿಚಿತ ಪದವೂ ವಿರಳವೆನಿಸುತ್ತದೆ. ಆದ್ದರಿಂದ ಕನ್ನಡದಲ್ಲಿ ಪ್ರಕೃತಿ-ಪ್ರತ್ಯಯ ವಿಭಜನೆ ಮೊದಲು ನಡೆಯಬೇಕು.

ಇಷ್ಟಾದರೂ ಓದುಗ ಲೆಕ್ಕಕ್ಕೆ ಬಂದಿರುವುದಿಲ್ಲ. ಮೆಕ್‌ನಮಾರಾ, ಕಿಂಚ್ ಮತ್ತು ಸಂಗಡಿಗರ 1996ರ ಅಧ್ಯಯನದಲ್ಲಿ ವಿಷಯದ ಅರಿವು ಕಡಿಮೆಯಿದ್ದವರಿಗೆ ಸಂಬಂಧಗಳನ್ನು ಬಿಡಿಸಿ ಹೇಳಿದ ಪಠ್ಯ ನೆರವಾಯಿತು. ಅರಿವುಳ್ಳವರ ಆಳವಾದ ಗ್ರಹಿಕೆಗೆ ಅಷ್ಟಾಗಿ ಬಿಡಿಸಿ ಹೇಳದ ಪಠ್ಯವೇ ಹೆಚ್ಚು ಒದಗಿತು. ಸಂಕೀರ್ಣತೆ ಪಠ್ಯದ ಸ್ವಂತ ಗುಣವಲ್ಲ, ಪಠ್ಯಕ್ಕೂ ಓದುಗನಿಗೂ ಇರುವ ಸಂಬಂಧ.

ಟೇಲರ್ 1953ರಲ್ಲಿ ಮುಂದಿಟ್ಟ ಬಿಟ್ಟಪದ ತುಂಬುವ ಪರೀಕ್ಷೆಯನ್ನು ಕನ್ನಡ ಓದುಗರ ನಡುವೆ ನಡೆಸಬಹುದು. ಪ್ರಕೃತಿ ಸರಿಯಿದ್ದು ಪ್ರತ್ಯಯ ತಪ್ಪಿದರೆ ಅಂಕವೆಷ್ಟೆಂಬುದನ್ನು ವ್ಯಾಕರಣವೇ ತೀರ್ಮಾನಿಸಬೇಕು. ಇಂತಹ ಆಧಾರವಿಲ್ಲದೆ ಸುಲಭ ಪುಟಗಳನ್ನು ಮೇಲಕ್ಕೆ ತರಹೊರಟ ಶೋಧಕವು, ಎರಡೂ ಭಾಷೆಗಳ ಪುಟಗಳಿರುವಲ್ಲಿ, ಸರಳ ಕನ್ನಡವನ್ನು ಇಂಗ್ಲಿಷಿನ ಕೆಳಗೇ ಇರಿಸುತ್ತದೆ. ಇದರಿಂದ ನಷ್ಟ ಕನ್ನಡವೊಂದನ್ನೇ ಓದಬಲ್ಲವನಿಗೆ.