ಗೋಮಾಳದ ಹಾಡು, ಯಾರದೋ ಖಾತೆ

1964ರ ಮೇ ತಿಂಗಳು, ಇಂಗ್ಲೆಂಡಿನ ಮ್ಯಾಂಚೆಸ್ಟರ್. ರೈಲು ಓಡಾಟ ನಿಂತುಹೋಗಿದ್ದ ಒಂದು ಹಳೆಯ ಸ್ಟೇಷನ್ನು. ಗ್ರಾನಡಾ ಟೆಲಿವಿಷನ್ನಿನವರು ಅದರ ಒಂದು ಪ್ಲಾಟ್‌ಫಾರ್ಮಿಗೆ ಅಮೆರಿಕದ ದಕ್ಷಿಣ ಸೀಮೆಯ ಹಳ್ಳಿ ನಿಲ್ದಾಣದ ವೇಷ ಹಾಕಿಸಿದ್ದಾರೆ: ಮೂಟೆ, ಮರದ ಪೆಟ್ಟಿಗೆ, ಕೋಳಿಗಳು ಕೂಡ. ಎದುರು ಪ್ಲಾಟ್‌ಫಾರ್ಮಿನಲ್ಲಿ ಇಂಗ್ಲಿಷ್ ಹುಡುಗ ಹುಡುಗಿಯರು ಒತ್ತೊತ್ತಾಗಿ ಕೂತಿದ್ದಾರೆ. ಮಳೆ ಈಗಷ್ಟೇ ಹೊಯ್ದಿದೆ. ಕುದುರೆ ಗಾಡಿಯಿಂದ ಇಳಿದ 49 ವರ್ಷದ ಸಿಸ್ಟರ್ ರೊಸೆಟ್ಟಾ ಥಾರ್ಪ್ ದಪ್ಪ ಕೋಟು ತೊಟ್ಟು, ಬಿಳಿ ಎಲೆಕ್ಟ್ರಿಕ್ ಗಿಟಾರನ್ನು ಹೆಗಲಿಗೇರಿಸಿ, ಮಳೆಯ ಹಾಡೊಂದನ್ನೇ ಎತ್ತಿಕೊಳ್ಳುತ್ತಾರೆ. ಹಾಡು ಚರ್ಚಿನದು; ಗಿಟಾರು ಮಾತ್ರ ಪಾದ್ರಿಯ ಮಾತು ಕೇಳುವಂಥದ್ದಲ್ಲ. ನಡುನಡುವೆ ಅವರು ಬಾರಿಸುವ ಚುರುಕು ತುಣುಕುಗಳನ್ನು ಕೇಳಿದರೆ, ಮುಂದಿನ ಹತ್ತು ವರ್ಷ ರಾಕ್ ಗಿಟಾರ್ ವೀರರು ಮೆರೆದದ್ದರಲ್ಲಿ ಬಹುಪಾಲು ಇಲ್ಲೇ ಇತ್ತಲ್ಲ ಅನ್ನಿಸುತ್ತದೆ.

ಆ ಚಿತ್ರೀಕರಣ ಇಂದಿಗೂ ನೋಡಸಿಗುತ್ತದೆ. ನೋಡಿದಾಗಲೆಲ್ಲ ನನ್ನ ಕಣ್ಣು ಹೋಗುವುದು ಎರಡು ಪ್ಲಾಟ್‌ಫಾರ್ಮುಗಳ ನಡುವಿನ ಹಳಿಯ ಕಡೆಗೆ. ಆಚೆ ಹಾಡುವ ಕಪ್ಪು ಜನ, ಈಚೆ ಕೇಳುವ ಬಿಳಿಯರು. ಇಂದು ‘ಕ್ಲಾಸಿಕ್ ರಾಕ್’ ಎಂದು ಕರೆಯಿಸಿಕೊಳ್ಳುವ ಬ್ರಿಟಿಷ್ ಪರಂಪರೆಯ ದೊಡ್ಡದೊಂದು ಪಾಲು ಹುಟ್ಟಿದ್ದು ಈಚೆ ಕೂತವರು ಹಳಿ ದಾಟಿ ಆಚೆ ಹೋಗಲು ನೋಡಿದಾಗ. ದಾಟಿದವರು ಅಲ್ಲಿಂದ ಏನು ತಂದರು, ಯಾರ ಹೆಸರಿಗೆ ಬರೆಸಿಕೊಂಡರು ಎಂಬುದು ಹಾಡಿನಷ್ಟೇ ಮುಖ್ಯ ಎಂದು ನನಗೆ ಅರಿವಾದದ್ದು ತಡವಾಗಿ.

ಹಾಸ್ಟೆಲಿನ ದಿನಗಳಲ್ಲಿ ನಮಗೆ ರಾಕ್ ಸಿಗುತ್ತಿದ್ದದ್ದು ಖಾಲಿ ಕ್ಯಾಸೆಟ್ಟಿನ ಮೂಲಕ. ಪಟ್ಟಿ ಬರೆದುಕೊಟ್ಟರೆ ಅಂಗಡಿಯವನು ಎರಡು ದಿನದಲ್ಲಿ ತುಂಬಿಸಿಕೊಡುತ್ತಿದ್ದ. ಕೊನೆಯ ಹಾಡು ಸದಾ ಅರ್ಧಕ್ಕೇ ತುಂಡಾಗಿರುತ್ತಿತ್ತು. ಕವರಿನ ಮೇಲೆ ಬಾಲ್‌ಪೆನ್ನಿನಲ್ಲಿ ‘ಲೆಡ್ ಜೆಪ್ಲಿನ್’ ಎಂದಷ್ಟೇ. ಹಾಡು ಕಟ್ಟಿದವರು ಯಾರು ಎಂಬ ಪ್ರಶ್ನೆ ಯಾರಿಗೂ ಏಳಲಿಲ್ಲ, ಹಾಡಿದವರದೇ ಹಾಡು. ವಿಲ್ಲೀ ಡಿಕ್ಸನ್ ಎಂಬ ಹೆಸರನ್ನು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ, ಅದೇ ಬ್ಯಾಂಡಿನ ಮೊದಲ ಆಲ್ಬಮ್ಮಿನ ಅಸಲಿ ಪ್ಲೇಟು ಕೈಗೆ ಬಂದಾಗ, ಲೇಬಲ್ಲಿನ ಸಣ್ಣಕ್ಷರಗಳಲ್ಲಿ.

ತಮಾಷೆಯೆಂದರೆ, ಈ ಸಂಗೀತ ಕಲಿತ ಇಂಗ್ಲಿಷ್ ಹುಡುಗರ ಸ್ಥಿತಿಯೂ ನಮ್ಮದಕ್ಕಿಂತ ತೀರಾ ಬೇರೆಯಾಗಿರಲಿಲ್ಲ. 1961ರ ಅಕ್ಟೋಬರಿನಲ್ಲಿ ಡಾರ್ಟ್‌ಫರ್ಡ್ ಸ್ಟೇಷನ್ನಿನಲ್ಲಿ ಕೀತ್ ರಿಚರ್ಡ್ಸ್ ತನ್ನ ಬಾಲ್ಯದ ಪರಿಚಯದ ಮಿಕ್ ಜ್ಯಾಗರ್‌ನನ್ನು ಮಾತಾಡಿಸಿದ್ದಕ್ಕೆ ಕಾರಣ ಜ್ಯಾಗರ್ ಕಂಕುಳಲ್ಲಿದ್ದ ಪ್ಲೇಟುಗಳು: ಚಕ್ ಬೆರ್ರಿ ಮತ್ತು ಮಡ್ಡಿ ವಾಟರ್ಸ್, ಎರಡೂ ಶಿಕಾಗೋದ ಚೆಸ್ ಕಂಪನಿಯವು. ಇವರಿಗೆ ಗುರು ಎಂದರೆ ಪ್ಲೇಟು. ಗುರು ಎದುರಿಗಿದ್ದರೆ ತಪ್ಪಿದಲ್ಲಿ ಗದರುತ್ತಾನೆ, ಹಾಡಿನ ಹಿಂದಿನ ಬದುಕನ್ನೂ ಮಾತಿನ ನಡುವೆ ಸೇರಿಸಿ ಕೊಡುತ್ತಾನೆ. ಪ್ಲೇಟು ಗದರುವುದಿಲ್ಲ. ಮುಳ್ಳನ್ನು ಎತ್ತಿ ಹಿಂದಕ್ಕಿಟ್ಟರೆ ಅದೇ ಸಾಲನ್ನು ನೂರು ಸಲ ಹಾಡುತ್ತದೆ. ಹೀಗೆ ಕಲಿತವರಿಗೆ ಬೆರಳು ಕರಾರುವಾಕ್ಕಾಗಿ ಬಂತು, ಸಂದರ್ಭ ಬರಲಿಲ್ಲ. ಒಬ್ಬ ಜಾರ್ಜ್ ಹ್ಯಾರಿಸನ್ 1966ರಲ್ಲಿ ರವಿಶಂಕರರ ಎದುರು ಸಿತಾರ್ ಹಿಡಿದು ಕೂತರು, ಗುರು ಎಂದರೇನು ಎಂದು ಅಲ್ಲಿ ಕಂಡರು. ಆದರೆ ಅದು ಬೇರೆ ಸಂಗೀತ, ಬೇರೆ ಕಥೆ.

ಸಂದರ್ಭ ಎಂದೆ. ಮಡ್ಡಿ ವಾಟರ್ಸ್ ಮಿಸಿಸಿಪ್ಪಿಯ ಹತ್ತಿ ತೋಟದ ಆಳು. 1943ರಲ್ಲಿ, ದಕ್ಷಿಣದ ಲಕ್ಷಾಂತರ ಕಪ್ಪು ಜನರ ಹಾಗೆ, ಕೂಲಿ ಹುಡುಕಿಕೊಂಡು ಶಿಕಾಗೋಗೆ ಹೋದರು. ತೋಟದ ಗುಡಿಸಲಿನಲ್ಲಿ ಸಾಲುತ್ತಿದ್ದ ಮರದ ಗಿಟಾರು ನಗರದ ಬಾರಿನ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಅದಕ್ಕೇ ವಿದ್ಯುತ್ತು ಬಂತು. ಚೆಸ್ ಕಂಪನಿ ಆ ಸದ್ದನ್ನು ಪ್ಲೇಟಿಗಿಳಿಸಿತು. 1958ರಲ್ಲಿ ಮಡ್ಡಿ ಇಂಗ್ಲೆಂಡಿಗೆ ಹೋಗಿ ಎಲೆಕ್ಟ್ರಿಕ್ ಗಿಟಾರು ನುಡಿಸಿದರೆ, ಹಳ್ಳಿಯ ಜನಪದ ಗಾಯಕನನ್ನು ನಿರೀಕ್ಷಿಸಿ ಬಂದವರು ಬೆಚ್ಚಿದರು. ಪಾಪ, 1963ರಲ್ಲಿ ಮತ್ತೆ ಹೋದಾಗ ಮರದ ಗಿಟಾರು ಒಯ್ದರು. ಅಷ್ಟರಲ್ಲಿ ಹೊಸ ಹುಡುಗರು ಪ್ಲೇಟು ಕೇಳಿ ಕೇಳಿ ಎಲೆಕ್ಟ್ರಿಕ್ ಸದ್ದಿಗಾಗಿ ಬಾಯಿಬಿಟ್ಟುಕೊಂಡು ಕೂತಿದ್ದರು!

ಹುಡುಗರ ಕಿವಿಗೆ ಬೀಳದೆ ಹೋದದ್ದು ನಗೆ ಎಂದು ನನ್ನ ಅನಿಸಿಕೆ. ಡಿಕ್ಸನ್ ಕಟ್ಟಿ ಮಡ್ಡಿ 1954ರಲ್ಲಿ ಹಾಡಿದ ‘ಹೂಚಿ ಕೂಚಿ ಮ್ಯಾನ್’ ಕೇಳಿ. ವಾದ್ಯಗಳು ಒಂದು ಏಟು ಕೊಟ್ಟು ಸುಮ್ಮನಾಗುತ್ತವೆ, ಆ ಖಾಲಿ ಜಾಗದಲ್ಲಿ ಗಂಡಸು ತನ್ನ ಹುಟ್ಟು, ತಾಯಿತ, ಅದೃಷ್ಟ ಎಲ್ಲವನ್ನೂ ಕೊಚ್ಚಿಕೊಳ್ಳುತ್ತಾನೆ, ಮತ್ತೊಂದು ಏಟು. ಮಡ್ಡಿ ತಾಳಕ್ಕಿಂತ ಕೂದಲೆಳೆಯಷ್ಟು ತಡವಾಗಿ ಮಾತು ಬಿಡುತ್ತಾರೆ, ಅವಸರವಿಲ್ಲದ ಯಜಮಾನನ ಹಾಗೆ. ವಾರವಿಡೀ ಕಾರ್ಖಾನೆಯಲ್ಲಿ ‘ಏಯ್ ಹುಡುಗ’ ಎನ್ನಿಸಿಕೊಂಡು ಬಂದವರಿಗೆ ಶನಿವಾರ ರಾತ್ರಿ ಆ ಕೊಚ್ಚಿಕೊಳ್ಳುವಿಕೆ ಅರ್ಧ ಜಂಬ, ಅರ್ಧ ನಗೆಚಾಟಿಕೆ. ಇಪ್ಪತ್ತರ ಇಂಗ್ಲಿಷ್ ಹುಡುಗರು ಅದನ್ನು ಪೂರಾ ಜಂಬವೆಂದೇ ಹಿಡಿದರು. ಹಿಡಿದದ್ದನ್ನು ಜೋರು ಮಾಡಿದರು, ಬಿರುಸು ಮಾಡಿದರು. 1966ರಲ್ಲಿ ಜಾನ್ ಮೇಯಲ್ ತಂಡದ ಆಲ್ಬಮ್ಮಿಗಾಗಿ ಎರಿಕ್ ಕ್ಲ್ಯಾಪ್ಟನ್ ಮಾರ್ಷಲ್ ಆಂಪ್ಲಿಫೈಯರಿನ ಸದ್ದನ್ನು ಸ್ಟುಡಿಯೋದವರು ಹೌಹಾರುವಷ್ಟು ಏರಿಸಿಟ್ಟು ನುಡಿಸಿದರು. ಸದ್ದು ಒಡೆದು, ಒಂದೇ ಸ್ವರ ಪಿಟೀಲಿನಂತೆ ಉದ್ದಕ್ಕೆ ನಿಂತಿತು. ಅದು ನಿಜವಾಗಿಯೂ ಹೊಸದು, ಅದರ ಶ್ರೇಯಸ್ಸು ಕಸಿಯುವಂತಿಲ್ಲ. ಆದರೆ ಹಾಡಿನ ನಡುವಿನ ಆ ಖಾಲಿ ಜಾಗ ಅದರೊಂದಿಗೇ ಮುಚ್ಚಿಹೋಯಿತು. ಎಪ್ಪತ್ತರ ದಶಕದ ಉದ್ದುದ್ದ ಗಿಟಾರ್ ಪ್ರದರ್ಶನಗಳಲ್ಲಿ ಮುಕ್ಕಾಲು ಪಾಲು ಇಂದು ಬೇಸರ ಬರಿಸುವುದು ಇದಕ್ಕೇ. ಉಸಿರು ತೆಗೆದುಕೊಳ್ಳದವನ ಭಾಷಣ ಅವು.

ಎರವಲಿನ ಮಾತಿಗೆ ಬರೋಣ. ಕಳ್ಳತನ ಎಂದುಬಿಡುವುದು ಸುಲಭ, ಆದರೆ ಬ್ಲೂಸ್ ಎಂಬ ಈ ಕಪ್ಪು ಜನರ ಸಂಗೀತವೇ ಒಂದು ಊರ ಗೋಮಾಳ. 1941ರಲ್ಲಿ ಜನಪದ ಹಾಡುಗಳ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ತೋಟಕ್ಕೇ ಬಂದು ಮಡ್ಡಿಯ ಹಾಡು ಮುದ್ರಿಸಿಕೊಂಡು, ಇದು ಹುಟ್ಟಿದ್ದು ಹೇಗೆ ಎಂದು ಕೇಳಿದರು. ಕಾರಿನ ಪಂಕ್ಚರ್ ಹಾಕುವಾಗ ಹೊಳೆಯಿತು ಎಂದರು ಮಡ್ಡಿ. ಮಾತು ಮುಂದುವರಿದಂತೆ, ಈ ಮಟ್ಟನ್ನು ಸನ್ ಹೌಸ್‌ರಿಂದ ಕಲಿತೆ, ರಾಬರ್ಟ್ ಜಾನ್ಸನ್ ಇದನ್ನೇ ಪ್ಲೇಟು ಮಾಡಿದ್ದಾರೆ ಎಂಬುದೂ ಬಂತು. ಇಷ್ಟೂ ನಿಜ, ಒಂದಕ್ಕೊಂದು ಅಡ್ಡಬರುವುದಿಲ್ಲ. ಎಲ್ಲರ ದನವೂ ಮೇಯುವ ಜಾಗ ಅದು. ಮೇಯಿಸಿದ್ದು ತಪ್ಪಲ್ಲ, ಬೇಲಿ ಸುತ್ತಿ ಖಾತೆ ಮಾಡಿಸಿಕೊಂಡದ್ದು ತಪ್ಪು. ನಮ್ಮಲ್ಲಿ ಪುರಂದರದಾಸರ ಪದವನ್ನು ಯಾರೇ ಹಾಡಲಿ, ಯಾವ ರಾಗಕ್ಕೇ ಬಗ್ಗಿಸಲಿ, ಕೊನೆಯ ನುಡಿಯಲ್ಲಿ ಪುರಂದರ ವಿಠಲ ಬಂದೇ ಬರುತ್ತಾನೆ. ಅಂಕಿತದಿಂದ ಕಾಸು ಹುಟ್ಟುವುದಿಲ್ಲ, ಹೆಸರಂತೂ ಉಳಿಯುತ್ತದೆ. ಬ್ಲೂಸಿಗೆ ಆ ಕಾವಲಿರಲಿಲ್ಲ. ಕಾಪಿರೈಟ್ ಕಚೇರಿಗೆ ಮೊದಲು ಹೋದವನೇ ಒಡೆಯ.

ಲೆಡ್ ಜೆಪ್ಲಿನ್ ಇದಕ್ಕೆ ಒಳ್ಳೆಯ ಉದಾಹರಣೆ, ಅಂದರೆ ಕೆಟ್ಟ ಉದಾಹರಣೆ. 1969ರ ಆರಂಭದ ಮೊದಲ ಆಲ್ಬಮ್ಮಿನಲ್ಲಿ ಡಿಕ್ಸನ್‌ರ ಎರಡು ಹಾಡಿಗೆ ಹೆಸರು ಕೊಟ್ಟವರು, ಅದೇ ವರ್ಷದ ಕೊನೆಗೆ ಬಂದ ಎರಡನೆಯದರಲ್ಲಿ ‘ಹೋಲ್ ಲಾಟಾ ಲವ್’ ತಮ್ಮದೇ ಎಂದರು. ಡಿಕ್ಸನ್ ಬರೆದು ಮಡ್ಡಿ 1962ರಲ್ಲಿ ಹಾಡಿದ್ದನ್ನು ಕೇಳಿದವರಿಗೆ ಆ ಪದಗಳು ಎಲ್ಲಿಯವೆಂದು ಬೇರೆ ಹೇಳಬೇಕಿಲ್ಲ. ಡಿಕ್ಸನ್ 1985ರಲ್ಲಿ ದಾವೆ ಹೂಡಿದರು, 1987ರಲ್ಲಿ ರಾಜಿಯಾಯಿತು. ಎಲ್ಲ ಪಾಪವನ್ನೂ ಇಂಗ್ಲಿಷರ ತಲೆಗೆ ಕಟ್ಟುವಂತಿಲ್ಲ, ಅದನ್ನೂ ಹೇಳಬೇಕು. ಮಡ್ಡಿ ಮತ್ತು ಡಿಕ್ಸನ್ ಎಪ್ಪತ್ತರ ದಶಕದಲ್ಲಿ ಬಾಕಿ ಹಣಕ್ಕಾಗಿ ಕೋರ್ಟಿಗೆಳೆದದ್ದು ಚೆಸ್ ಸೋದರರೇ ಪಾಲುದಾರರಾಗಿದ್ದ ಪ್ರಕಾಶನ ಸಂಸ್ಥೆಯನ್ನು.

ರೋಲಿಂಗ್ ಸ್ಟೋನ್ಸ್ ಈ ವಿಷಯದಲ್ಲಿ ವಾಸಿ. ಬ್ಯಾಂಡಿನ ಹೆಸರೇ ಮಡ್ಡಿಯ ಹಾಡಿನಿಂದ ಪಡೆದದ್ದು. ಡಿಕ್ಸನ್‌ರ ‘ಲಿಟ್ಲ್ ರೆಡ್ ರೂಸ್ಟರ್’ ಅನ್ನು 1964ರಲ್ಲಿ ಬ್ರಿಟನ್ನಿನ ಮೊದಲ ಸ್ಥಾನಕ್ಕೆ ಒಯ್ದರು. 1965ರಲ್ಲಿ ಅಮೆರಿಕದ ಟಿವಿಯಲ್ಲಿ ಬ್ಲೂಸ್ ಗಾಯಕ ಹೌಲಿನ್ ವುಲ್ಫ್ ಹಾಡುವಾಗ ಅವರ ಕಾಲ ಬುಡದಲ್ಲಿ ಕೂತರು. ಆದರೂ ಕೀತ್ ರಿಚರ್ಡ್ಸ್ ಹೇಳುತ್ತ ಬಂದ ಒಂದು ಕಥೆ ನನ್ನನ್ನು ಕಾಡುತ್ತದೆ. 1964ರಲ್ಲಿ ಚೆಸ್ ಸ್ಟುಡಿಯೋಗೆ ಹೋದಾಗ ಮಡ್ಡಿ ವಾಟರ್ಸ್ ಏಣಿ ಹತ್ತಿ ಚಾವಣಿಗೆ ಸುಣ್ಣ ಬಳಿಯುತ್ತಿದ್ದರಂತೆ. ಚೆಸ್ ಮನೆತನದ ಮಾರ್ಷಲ್ ಇದು ಶುದ್ಧ ಸುಳ್ಳು ಎಂದಿದ್ದಾರೆ. ಸ್ಟೋನ್ಸ್ ತಂಡದವರೇ ಆದ ಬಿಲ್ ವೈಮನ್ ನೆನಪಿನಲ್ಲಿ ಮಡ್ಡಿ ತಮ್ಮ ಸಾಮಾನು ಹೊರಲು ಕೈಜೋಡಿಸಿದವರು. ಅತಿಥಿಗಳ ಪೆಟ್ಟಿಗೆಗೆ ಕೈಕೊಟ್ಟ ಹಿರಿಯ, ಕಥೆಯಲ್ಲಿ ಸುಣ್ಣ ಬಳಿಯುವ ಕೂಲಿಯಾದದ್ದು ಹೇಗೆ? ಗುರು ದೀನನಾಗಿದ್ದಷ್ಟೂ ಶಿಷ್ಯ ಉದ್ಧಾರಕನಾಗಿ ಕಾಣುತ್ತಾನೆ. ಅಭಿಮಾನದೊಳಗೂ ಇಂಥದ್ದೊಂದು ಅಡಗಿ ಕೂತಿರುತ್ತದೆ. ಅದು ಹೊರಬಿದ್ದ ದಿನವೂ ಒಂದಿದೆ: 1976ರಲ್ಲಿ ಬರ್ಮಿಂಗ್‌ಹ್ಯಾಮಿನ ವೇದಿಕೆಯಿಂದ ಕ್ಲ್ಯಾಪ್ಟನ್ ವಲಸಿಗರ ವಿರುದ್ಧ ಕೂಗಾಡಿ ವಲಸೆ ವಿರೋಧಿ ರಾಜಕಾರಣಿ ಇನಾಕ್ ಪವೆಲ್‌ರ ಪರ ನಿಂತರು. ಅವರು ನುಡಿಸಿದ್ದೆಲ್ಲ ಕಪ್ಪು ಜನರಿಂದ ಬಂದದ್ದೆಂದು ನೆನಪಿಸಿ ಪತ್ರಿಕೆಗಳಿಗೆ ಕಾಗದ ಹೋಯಿತು, ‘ರಾಕ್ ಅಗೇನ್‌ಸ್ಟ್ ರೇಸಿಸಂ’ ಚಳವಳಿ ಎದ್ದಿತು. ಕ್ಲ್ಯಾಪ್ಟನ್ ಮುಂದೆ ನಾಚಿಕೆಪಟ್ಟದ್ದು ಹೌದು.

ಇಷ್ಟೆಲ್ಲ ಹೇಳಿಯೂ ನಾನು ಈ ಹಾಡುಗಳನ್ನು ಬಿಟ್ಟಿಲ್ಲ. ಬಿಡದಿರಲು ಕಾರಣ ಅನುಕರಣೆ ಮುರಿದುಬಿದ್ದ ಗಳಿಗೆಗಳು. 1963ರ ಫೆಬ್ರುವರಿ 11ರಂದು ಬೀಟಲ್ಸ್ ಒಂದೇ ದಿನ ಹತ್ತು ಹಾಡು ಮುದ್ರಿಸಿದರು. ಲೆನನ್‌ಗೆ ನೆಗಡಿ. ಐಸ್ಲಿ ಸೋದರರಿಂದ ಎತ್ತಿಕೊಂಡ ‘ಟ್ವಿಸ್ಟ್ ಅಂಡ್ ಶೌಟ್’ ಅನ್ನು ಬೇಕೆಂದೇ ಕೊನೆಗಿಟ್ಟಿದ್ದರು, ಅದು ಗಂಟಲು ಹರಿಯುತ್ತದೆಂದು ಗೊತ್ತಿತ್ತು. ಹರಿಯಿತು. ಎರಡನೆಯ ಸಲ ಹಾಡಿಸಲು ನೋಡಿದರೆ ದನಿಯೇ ಉಳಿದಿರಲಿಲ್ಲ. ಆ ಒಡಕು ಯಾರಿಂದಲೂ ಎರವಲು ತಂದದ್ದಲ್ಲ. ನಾಲ್ಕು ವರ್ಷಕ್ಕೆ ಅದೇ ಹುಡುಗರು ತಮ್ಮ ಲಿವರ್‌ಪೂಲಿನ ಬೀದಿಯನ್ನು ‘ಪೆನ್ನಿ ಲೇನ್’ ಎಂದು ಹಾಡಿದರು. ಅದೇ 1967ರಲ್ಲಿ ಕಿಂಕ್ಸ್‌ನವರು ಥೇಮ್ಸ್ ದಂಡೆಯ ಸಂಜೆಯನ್ನು ‘ವಾಟರ್‌ಲೂ ಸನ್‌ಸೆಟ್’ ಮಾಡಿದರು. ಮಿಸಿಸಿಪ್ಪಿಯ ಉಚ್ಚಾರಣೆ ಬಿಟ್ಟು ತಮ್ಮ ಓಣಿಯ ಮಾತಿಗೆ ಬಂದಾಗಲೇ ಈ ಶಾಲೆ ದೊಡ್ಡದಾದದ್ದು. ಬರೀ ನಕಲು ಹೊಡೆದವರ ಪ್ಲೇಟುಗಳು ಹಳೆ ಸಾಮಾನಿನ ಅಂಗಡಿ ಸೇರಿವೆ.

ವಿಪರ್ಯಾಸ ಜಿಮಿ ಹೆಂಡ್ರಿಕ್ಸ್‌ರದು. ಸಿಯಾಟಲ್‌ನ ಕಪ್ಪು ಹುಡುಗ, ಅದೇ ಐಸ್ಲಿ ಸೋದರರ ಹಿಂದೆ, ಲಿಟ್ಲ್ ರಿಚರ್ಡ್ ಹಿಂದೆ ಗಿಟಾರು ಹಿಡಿದು ನಿಂತವರು. ಅವರು ಹೆಸರು ಮಾಡಲು 1966ರಲ್ಲಿ ಲಂಡನ್ನಿಗೆ ಹೋಗಬೇಕಾಯಿತು. ತಮ್ಮ ಅಜ್ಜಂದಿರ ಸಂಗೀತವನ್ನು ಅಲ್ಲಿಂದ ಅಮೆರಿಕಕ್ಕೆ ಆಮದಾಗಿ ಮರಳಿಸಿದರು.

ಬೆಂಗಳೂರಿಗೆ ಈ ಗೋಮಾಳದ ಗಾಳಿ ಬಂದದ್ದು ಲಂಡನ್ನಿನ ದಾರಿಯಲ್ಲೇ. 2003ರ ಏಪ್ರಿಲ್‌ನಲ್ಲಿ ಸ್ಟೋನ್ಸ್ ಅರಮನೆ ಮೈದಾನಕ್ಕೆ ಬಂದಾಗ ಊರೇ ಅವರ ಹೆಸರು ಹೇಳುತ್ತಿತ್ತು. ಮಡ್ಡಿ ಯಾರೆಂದು ಕೇಳಿದ್ದರೆ ನಮ್ಮ ಗುಂಪಿನಲ್ಲಿ ಎಷ್ಟು ಜನ ಹೇಳುತ್ತಿದ್ದೆವೋ.

1964ರ ಆ ಶಿಕಾಗೋ ಭೇಟಿಯಲ್ಲಿ ಸ್ಟೋನ್ಸ್ ಒಂದು ವಾದ್ಯತುಣುಕು ಮುದ್ರಿಸಿ, ಸ್ಟುಡಿಯೋದ ವಿಳಾಸವನ್ನೇ ಅದಕ್ಕೆ ಹೆಸರಿಟ್ಟರು: ‘2120 ಸೌತ್ ಮಿಷಿಗನ್ ಅವೆನ್ಯೂ’. ಕೃತಿಕಾರರ ಜಾಗದಲ್ಲಿ ತಂಡದ ಕಾವ್ಯನಾಮ ಹಾಕಿಕೊಂಡರು. ಕಟ್ಟಡ ಇಂದಿಗೂ ಅಲ್ಲಿದೆ. ಡಿಕ್ಸನ್ ತೀರಿಕೊಂಡ ಮರುವರ್ಷ, 1993ರಲ್ಲಿ, ಅವರ ಹೆಂಡತಿ ಅದನ್ನು ಕೊಂಡರು. ಹಾಡುಗಾರರಿಗೆ ಸಲ್ಲಬೇಕಾದ ಹಣ ಕೊಡಿಸಲೆಂದು ಡಿಕ್ಸನ್ ಕಟ್ಟಿದ್ದ ಪ್ರತಿಷ್ಠಾನ ಈಗ ಆ ಮನೆಯಲ್ಲೇ ಇದೆ. ಬಾಗಿಲ ಮೇಲೆ ಅವರ ಹೆಸರು.