ಕೈ ಮೇಲೆ, ಕಾಲು ಕೆಳಗೆ

ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಮುಗಿಸಿ ಬರುವ ಆರ್ಕೆಸ್ಟ್ರಾ ಹುಡುಗ ಲ್ಯಾಪ್‌ಟಾಪಿನಲ್ಲಿ ಡ್ರಮ್ಸ್ ಬರೆಯುವುದನ್ನು ಒಮ್ಮೆ ನೋಡಬೇಕು. ಅವನು ಬಳಸುವುದು ಮ್ಯೂಸ್‌ಸ್ಕೋರ್, ಬಿಟ್ಟಿಯಾಗಿ ಸಿಗುವ ತಂತ್ರಾಂಶ.

ಡ್ರಮ್ಸ್‌ನ ಈ ಬರಹದಲ್ಲಿ ಐದು ಗೆರೆಗಳಿದ್ದರೂ ಸರಿಗಮವಿಲ್ಲ. ಗುರುತಿನ ಜಾಗವೇ ಯಾವುದಕ್ಕೆ ಪೆಟ್ಟು ಎಂದು ಹೇಳುತ್ತದೆ. ಗೆರೆಗಳ ನಡುವಿನ ಮನೆಗಳ ಪೈಕಿ ಬೇಸ್ ಡ್ರಮ್ ತೀರಾ ಕೆಳಗಿನದರಲ್ಲಿ, ಸ್ನೇರ್ ಮೇಲಿನಿಂದ ಎರಡನೆಯದರಲ್ಲಿ, ಹೈಹ್ಯಾಟ್ ಗೆರೆಗಳಿಗೂ ಮೇಲೆ, ಗುಂಡಿನ ಬದಲು ಗುಣಾಕಾರದ ಚಿಹ್ನೆಯಾಗಿ. ಕೈಯ ಪೆಟ್ಟಿಗೆ ಬಾಲ ಮೇಲಕ್ಕೆ, ಕಾಲಿನದಕ್ಕೆ ಕೆಳಕ್ಕೆ. ಎಂಥ ಅಚ್ಚುಕಟ್ಟು! ತೆರೆದ ಹೈಹ್ಯಾಟಿಗೆ ನೆತ್ತಿಯ ಮೇಲೊಂದು ಪುಟ್ಟ ಸೊನ್ನೆ.

ನನಗೆ ಬಲು ಇಷ್ಟ ಆವರಣದೊಳಗಿನ ಗುರುತು. ಸ್ಟಿಕ್ ಸ್ನೇರಿಗೆ ತಾಕಿತೋ ಇಲ್ಲವೋ ಎಂಬಷ್ಟು ಮೆಲುಪೆಟ್ಟು ಅದು. ಕುಣಿಯುವವರ ಕಿವಿಗೆ ಬೀಳದಿದ್ದರೂ ತೆಗೆದರೆ ಇಡೀ ನಡೆ ಉಪ್ಪಿಲ್ಲದ ಸಾರು. ಹುಡುಗ ಇಂಥವನ್ನು ಒಂದೊಂದಾಗಿ ಇಟ್ಟು, ಕೇಳಿ, ಅಳಿಸಿ, ಮತ್ತೆ ಇಡುತ್ತಾನೆ.

ಈಗ ಅವನು ತಮಟೆಯ ಬೆನ್ನು ಹತ್ತಿದ್ದಾನೆ. ಚಿಕ್ಕಬಳ್ಳಾಪುರದ ಕಡೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ತಂದುಕೊಟ್ಟ ವಾದ್ಯ. ಆರೆಂಟರ (6/8) ತಾಳದ ಲೆಕ್ಕದಲ್ಲಿ ದಪ್ಪ ಕೋಲಿನ ಪೆಟ್ಟನ್ನು ಫ್ಲೋರ್ ಟಾಮ್‌ಗೂ, ತೆಳುಕಡ್ಡಿಯ ಚಟಪಟವನ್ನು ಸ್ನೇರಿನ ಅಂಚಿಗೂ ಹಂಚಿದ್ದಾನೆ. ಪ್ಲೇ ಒತ್ತಿದರೆ ಒಳಗೆ ಬೇಸ್ ಡ್ರಮ್ 36, ಸ್ನೇರ್ 38, ಹೀಗೆ ಅಂಕಿಗಳಾಗಿ ಕೂತ ಪೆಟ್ಟುಗಳು ಒಂದೂ ತಪ್ಪದೆ ಉದುರುತ್ತವೆ. ಕೊಂಚ ಬಿಗಿ, ನಿಜ. ಬೆಂಕಿಗೆ ಕಾಯಿಸಿದ ಚರ್ಮದ ಕಾವು ಅದಕ್ಕೆಲ್ಲಿ ಬರಬೇಕು? ಆದರೂ ಈ ಹಾಳೆ ಕೈಗೆ ಸಿಕ್ಕರೆ, ತಮಟೆಯನ್ನೇ ಕಾಣದ ಡ್ರಮ್ಮರ್ ಕೂಡ ಆ ಚಟಪಟವನ್ನು ಸರಿಯಾದ ಜಾಗದಲ್ಲೇ ಹೊಡೆದಾನು.